ಕೈಹಲಗೆಗೆ ಮೇಣ ಹಚ್ಚುವ ಕೆಲಸ: ನನ್ನ ಅನುಭವ

ಬಾಡಿಸರ್ಫಿಂಗ್ ಎಂದರೆ ನಿಂತುಕೊಳ್ಳುವ ಹಲಗೆಯ ನೆರವಿಲ್ಲದೆ, ಈಜುಗಾರನು ತನ್ನ ಮೈಯನ್ನೇ ನೀಳವಾಗಿ ಚಾಚಿ ಅಲೆಯ ಇಳಿಜಾರಿನಲ್ಲಿ ಸಾಗುವ ಆಟ. ಇದಕ್ಕೆ ಬೇಕಾದ ಸಲಕರಣೆ ಬಹಳ ಕಡಿಮೆ. ಕಾಲಿಗೆ ರಬ್ಬರಿನ ಫಿನ್ಸ್, ಒಂದು ಕೈಗೆ ಪಟ್ಟಿಯಿಂದ ಬಿಗಿದುಕೊಳ್ಳುವ ಹ್ಯಾಂಡ್‌ಪ್ಲೇನ್ ಎಂಬ ಪುಟ್ಟ ಮರದ ಹಲಗೆ, ಅಷ್ಟೆ. ನಾನು ಅದನ್ನು ಕೈಹಲಗೆ ಎನ್ನುತ್ತೇನೆ. ಅಲೆ ಮುರಿಯುವ ಹೊತ್ತಿಗೆ ಕೈಯನ್ನು ಮುಂದಕ್ಕೆ ಚಾಚಿದರೆ ಈ ಹಲಗೆ ನೀರಿನ ಮೇಲ್ಮೈಯನ್ನು ಒತ್ತಿ ಎದೆಯನ್ನು ಮೇಲಕ್ಕೆತ್ತುತ್ತದೆ. ಮೈಗೆ ತಾಗುವ ನೀರಿನ ಎಳೆತ ತಗ್ಗಿ ವೇಗ ಹೆಚ್ಚುತ್ತದೆ. ಆದರೆ ಅದೇ ಹೊತ್ತಿನಲ್ಲಿ ನೀರು ಹಲಗೆಯನ್ನು ಮಣಿಕಟ್ಟಿನ ಕಡೆಗೆ ತಳ್ಳುತ್ತಲೂ ಇರುತ್ತದೆ, ಪಕ್ಕಕ್ಕೆ ತಿರುಚುತ್ತಲೂ ಇರುತ್ತದೆ. ಪಟ್ಟಿ ಹಲಗೆಯನ್ನು ಕೈಯಿಂದ ಕಳಚಿಹೋಗದಂತೆ ಕಾಯಬಲ್ಲದೇ ಹೊರತು ಅಂಗೈಯ ಅಡಿಯಲ್ಲಿ ಅದು ಜಾರದಂತೆ, ತಿರುಗದಂತೆ ತಡೆಯಲಾರದು. ಆ ಕೆಲಸ ಮೇಣದ್ದು.

ನಾನಿರುವುದು ದಾವಣಗೆರೆಯಲ್ಲಿ. ಸಮುದ್ರ ಸೇರಬೇಕೆಂದರೆ ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯಬೇಕು. ಅಲ್ಲಿಂದ ಕಾಪು, ಮೂಲ್ಕಿ, ಸಸಿಹಿತ್ಲು. ಕಡಲ ದಂಡೆಯಲ್ಲಿ ಮನೆ ಇರುವವರು ಸಂಜೆ ಮೇಣ ಹಚ್ಚಿ ಬೆಳಿಗ್ಗೆ ನೀರಿಗಿಳಿದು, ಸರಿಯಾಗದಿದ್ದರೆ ಮರುದಿನ ಮತ್ತೆ ಹಚ್ಚಬಹುದು. ನಮ್ಮಂಥ ಬಯಲುಸೀಮೆಯವರಿಗೆ ಆ ಅನುಕೂಲವಿಲ್ಲ. ಆದ್ದರಿಂದಲೇ ಕೆಲಸದ ಬಹುಪಾಲನ್ನು ಮನೆಯಲ್ಲೇ, ನಿಧಾನವಾಗಿ, ಪರೀಕ್ಷಿಸಿ ಮುಗಿಸಿಕೊಂಡು ಹೋಗುವ ಕ್ರಮವನ್ನು ನಾನು ರೂಢಿಸಿಕೊಂಡಿದ್ದೇನೆ.

ನನ್ನ ಹಲಗೆಯನ್ನು ಮಾಡಿಕೊಟ್ಟವರು ನಮ್ಮ ಬಡಾವಣೆಯ ಬಡಗಿ ಆಚಾರ್ರು. ಮರ ಹೆಬ್ಬೇವು. ರೈತರು ಹೊಲದ ಬದುಗಳಲ್ಲಿ ಬೆಳೆಸುವ, ಪ್ಲೈವುಡ್ ಕಾರ್ಖಾನೆಗಳಿಗೆ ಹೋಗುವ ಈ ಮರ ಹಗುರವಾದದ್ದು, ಕೆತ್ತುವುದಕ್ಕೂ ಸುಲಭ. ಸುಮಾರು 38 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ, ಮುಂತುದಿ ಸ್ವಲ್ಪ ಮೇಲಕ್ಕೆ ಬಾಗಿದ ಆಕಾರ. ಸ್ಯಾಂಡ್ ಪೇಪರಿನಿಂದ ನುಣ್ಣಗೆ ಉಜ್ಜಿ, ನೀರು ಹೀರದಂತೆ ವಾರ್ನಿಷ್ ಬಳಿದು ಕೊಟ್ಟ ಆಚಾರ್ರಿಗೆ ನಾನು ಇದಕ್ಕೆ ಮೇಣ ಹಚ್ಚುತ್ತೇನೆಂದು ಹೇಳಿದಾಗ ಆಶ್ಚರ್ಯವಾಯಿತು. "ಅಲ್ಲ ಸರ್, ತಿರುಪುಮೊಳೆ ಸಲೀಸಾಗಿ ಇಳೀಲಿ ಅಂತ ನಾವು ಮೇಣ ಸವರ್ತೀವಿ, ಡ್ರಾಯರ್ ಬಿಗಿಯಾದ್ರೆ ಮೇಣದಬತ್ತಿ ತಿಕ್ತೀವಿ. ನೀವು ಜಾರಬಾರದು ಅಂತ ಮೇಣ ಹಚ್ತೀನಿ ಅಂತೀರಲ್ಲ!" ಎಂದರು.

ಆ ಪ್ರಶ್ನೆಯಲ್ಲೇ ಇಡೀ ವಿಷಯ ಅಡಗಿದೆ. ಮೇಣದಬತ್ತಿಯ ಪ್ಯಾರಫಿನ್ ಗಟ್ಟಿಯಾಗಿ, ತೆಳ್ಳಗೆ, ನುಣುಪಾಗಿ ಕೂತರೆ ಎರಡು ಮೇಲ್ಮೈಗಳ ನಡುವೆ ಜಾರಿಕೆಯನ್ನು ತರುತ್ತದೆ. ಹಿಡಿತ ಕೊಡುವ ಮೇಣಕ್ಕೆ ಬೇರೆಯೇ ಎರಡು ಗುಣಗಳು ಬೇಕು. ಮೊದಲನೆಯದು, ಅದು ನುಣುಪಾಗಿರದೆ ಸಾಸಿವೆ ಕಾಳಿನಂಥ ಉಬ್ಬುಗಳಾಗಿ ನಿಂತಿರಬೇಕು. ಆಗ ಅಂಗೈ ಮತ್ತು ಹಲಗೆಯ ನಡುವೆ ಸಿಕ್ಕಿಕೊಳ್ಳುವ ನೀರಿನ ಪೊರೆ ಆ ಉಬ್ಬುಗಳ ಸಂದಿಗಳಿಗೆ ಸರಿದು, ಚರ್ಮ ನೇರವಾಗಿ ಮೇಣವನ್ನು ಮುಟ್ಟುತ್ತದೆ. ಎರಡನೆಯದು, ಆ ಉಬ್ಬುಗಳ ತುದಿ ನೀರಿನ ಉಷ್ಣಾಂಶದಲ್ಲಿ ಸ್ವಲ್ಪವೇ ಮೆತ್ತಗಾಗಿ, ಒತ್ತಿದ ಚರ್ಮಕ್ಕೆ ತಕ್ಕಂತೆ ತಗ್ಗಿ, ಅಂಟಬೇಕು. ಮೆತ್ತಗಾಗದಿದ್ದರೆ ಹಿಡಿತ ಹುಟ್ಟುವುದಿಲ್ಲ. ಹೆಚ್ಚು ಮೆತ್ತಗಾದರೆ ಮೇಣವೇ ಕಲಸಿಹೋಗಿ ಎಣ್ಣೆಯಂತೆ ಜಾರಿಸುತ್ತದೆ. ಆಚಾರ್ರ ತಿರುಪುಮೊಳೆಗೂ ನನ್ನ ಹಲಗೆಗೂ ಇರುವ ವ್ಯತ್ಯಾಸ ಇಷ್ಟೇ.

ಈ ಪದ್ಧತಿ ಬಹಳ ಹಳೆಯದೇನಲ್ಲ. 1935ರಲ್ಲಿ ಕ್ಯಾಲಿಫೋರ್ನಿಯಾದ ಆಲ್ಫ್ರೆಡ್ ಗ್ಯಾಲಂಟ್ ಎಂಬ ಯುವಕ ಮನೆಯ ನೆಲಕ್ಕೆ ಹಚ್ಚುವ ಮೇಣವನ್ನು ತನ್ನ ಸರ್ಫ್‌ಬೋರ್ಡಿಗೆ ಹಚ್ಚಿ ನೋಡಿದ್ದು ಇದರ ಆರಂಭ ಎಂದು ಸರ್ಫಿಂಗ್ ಚರಿತ್ರೆ ಹೇಳುತ್ತದೆ. ಇಂದು ಮಾರಾಟವಾಗುವ ಸರ್ಫ್ ಮೇಣಗಳು ಪ್ಯಾರಫಿನ್, ಜೇನುಮೇಣ, ರಾಳ, ಎಣ್ಣೆಗಳ ಮಿಶ್ರಣಗಳು; ಅವನ್ನು ನೀರಿನ ಉಷ್ಣಾಂಶಕ್ಕೆ ತಕ್ಕಂತೆ ತಣ್ಣೀರಿನದು, ತಂಪಿನದು, ಬೆಚ್ಚನೆಯದು, ಉಷ್ಣವಲಯದ್ದು ಎಂದು ವಿಂಗಡಿಸಿರುತ್ತಾರೆ. ಉಷ್ಣವಲಯದ್ದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ನೀರಿಗೆ. ನಮ್ಮ ಕರಾವಳಿಯ ನೀರು ವರ್ಷದುದ್ದಕ್ಕೂ ಹೆಚ್ಚುಕಡಿಮೆ 27ರಿಂದ 30 ಡಿಗ್ರಿಯ ನಡುವೆ ಇರುವುದರಿಂದ ಕರ್ನಾಟಕದವರಿಗೆ ಬೇರೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಹೊರದೇಶದಿಂದ ಬಂದ ನೆಂಟರು ಪ್ರೀತಿಯಿಂದ ತಂದುಕೊಟ್ಟ ತಣ್ಣೀರಿನ ಮೇಣ ಇಲ್ಲಿ ಉಪಯೋಗಕ್ಕೆ ಬಾರದು.

ಗಮನಿಸಬೇಕಾದ ಸಂಗತಿಯೆಂದರೆ, ಈ ಲೆಕ್ಕವೆಲ್ಲ ನೀರಿನ ಉಷ್ಣಾಂಶದ್ದು, ಗಾಳಿಯದಲ್ಲ. ದಾವಣಗೆರೆಯಲ್ಲಿ ಏಪ್ರಿಲ್ ಹೊತ್ತಿಗೆ ಬಿಸಿಲು 38–39 ಡಿಗ್ರಿ ಮುಟ್ಟುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಬಾಟಲಿಯ ಕೊಬ್ಬರಿ ಎಣ್ಣೆ ಗಟ್ಟಿಯಾಗಿರುತ್ತದೆ. ಈ ಎರಡರ ಪೈಕಿ ಯಾವುದನ್ನು ನಂಬಿ ಮೇಣವನ್ನು ಮುಟ್ಟಿ ನೋಡಿದರೂ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಹಾಗಾಗಿ ನಾನು ಬಕೆಟ್ಟಿನಲ್ಲಿ ನೀರು ತುಂಬಿ, ಥರ್ಮಾಮೀಟರ್ ಇಟ್ಟು, ಬಿಸಿನೀರು ಬೆರೆಸುತ್ತ 28 ಡಿಗ್ರಿಗೆ ತಂದು, ಮೇಣ ಹಚ್ಚಿದ ಹಲಗೆಯನ್ನು ಐದಾರು ನಿಮಿಷ ಅದರಲ್ಲಿ ಮುಳುಗಿಸಿಟ್ಟು, ನೀರಿನೊಳಗೇ ಅಂಗೈ ಒತ್ತಿ ಹಿಂದಕ್ಕೆ ಎಳೆದು ನೋಡುತ್ತೇನೆ. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಅದಕ್ಕಿಂತಲೂ ಬಿಸಿಯಾಗಿರುತ್ತದೆ, ಆಗ ಮಡಕೆಯ ನೀರು ಬೆರೆಸಬೇಕಾಗುತ್ತದೆ. ಮೇಣದ ವಿಷಯದಲ್ಲಿ ಇದಕ್ಕಿಂತ ನಂಬಿಕೆಗೆ ಯೋಗ್ಯವಾದ ಪರೀಕ್ಷೆ ನನಗೆ ಸಿಕ್ಕಿಲ್ಲ.

ಸರ್ಫ್ ಮೇಣ ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ವಸ್ತುವಲ್ಲ. ಆನ್‌ಲೈನಿನಲ್ಲಿ ತರಿಸಬಹುದು, ನಾನೂ ತರಿಸಿದ್ದೇನೆ, ಚೆನ್ನಾಗಿಯೇ ಇತ್ತು. ಆದರೆ ಜೇನುಮೇಣವೂ ರಾಳವೂ ಗ್ರಂಧಿಗೆ ಅಂಗಡಿಯಲ್ಲಿ ಸಿಗುವಾಗ ಮನೆಯಲ್ಲೇ ಮಾಡಿಕೊಳ್ಳುವುದು ನನಗೆ ಹೆಚ್ಚು ಸರಿಯೆನಿಸಿತು, ಏಕೆಂದರೆ ಆಗ ಮೇಣದ ಗಡಸುತನ ನಮ್ಮ ಕೈಯಲ್ಲಿರುತ್ತದೆ. ಜೇನುಮೇಣ ಶುದ್ಧವಾದದ್ದೇ ಎಂದು ನೋಡಿಕೊಳ್ಳಬೇಕು. ಚೂರೊಂದನ್ನು ಬೆರಳುಗಳ ನಡುವೆ ನಾದಿದರೆ ಅಸಲಿ ಮೇಣ ಮೈಬಿಸಿಗೆ ಮೆತ್ತಗಾಗಿ ಮುದ್ದೆಯಾಗುತ್ತದೆ. ಪ್ಯಾರಫಿನ್ ಬೆರೆತಿದ್ದರೆ ಪುಡಿಪುಡಿಯಾಗಿ ಒಡೆಯುತ್ತದೆ. ಚಿತ್ರದುರ್ಗದ ಕಡೆ ಬಂಡೆಗಳಲ್ಲಿ ಕಟ್ಟುವ ಹೆಜ್ಜೇನಿನ ಹುಟ್ಟಿನ ಮೇಣ ಸಿಕ್ಕರೆ ಅದನ್ನು ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ತೇಲಿ ನಿಂತ ಬಿಲ್ಲೆಯನ್ನು ಎತ್ತಿ ಒಣಗಿಸಿಕೊಂಡರಾಯಿತು.

ನಾನು ಎರಡು ಬಗೆಯ ಗಟ್ಟಿಗಳನ್ನು ಮಾಡಿಟ್ಟುಕೊಳ್ಳುತ್ತೇನೆ. ತಳಪದರಕ್ಕೆ 100 ಗ್ರಾಂ ಜೇನುಮೇಣ, 20 ಗ್ರಾಂ ಪುಡಿಮಾಡಿದ ರಾಳ; ಎಣ್ಣೆ ಸೇರಿಸುವುದಿಲ್ಲ. ಮೇಲ್ಪದರಕ್ಕೆ ಅದೇ 100 ಗ್ರಾಂ ಜೇನುಮೇಣಕ್ಕೆ 25 ಗ್ರಾಂ ರಾಳ ಮತ್ತು 15 ಗ್ರಾಂ ಕೊಬ್ಬರಿ ಎಣ್ಣೆ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿಯಲ್ಲಿ, ಆದ್ದರಿಂದ ಪಾತ್ರೆಯನ್ನು ನೇರವಾಗಿ ಒಲೆಯ ಮೇಲೆ ಇಡುವ ಅಗತ್ಯವೂ ಇಲ್ಲ, ಇಡಲೂಬಾರದು; ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಮೇಣ ಪೂರ್ತಿ ಕರಗಿದ ಮೇಲೆ ರಾಳದ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತ ಕಡ್ಡಿಯಿಂದ ಕಲಕಬೇಕು. ಅದು ಕರಗಲು ತಡಮಾಡುತ್ತದೆ, ಅವಸರ ಸಲ್ಲದು. ಹೊಗೆ ಕಟುವಾಗಿರುವುದರಿಂದ ನಾನು ಈ ಕೆಲಸವನ್ನು ಹಿತ್ತಲಿನಲ್ಲೇ ಮಾಡುತ್ತೇನೆ, ಅಡುಗೆಯ ಪಾತ್ರೆಗಳನ್ನು ಇದಕ್ಕೆ ಬಳಸುವುದಿಲ್ಲ. ಕರಗಿದ್ದನ್ನು ಕಾಗದದ ಟೀ ಲೋಟಗಳಿಗೆ ಹುಯ್ದು ಆರಲು ಬಿಟ್ಟರೆ, ಮರುದಿನ ಕಾಗದ ಸುಲಿದು ತೆಗೆಯಬಹುದಾದ, ಕೈಗೆ ಒದಗುವ ಗಟ್ಟಿಗಳು ಸಿದ್ಧವಾಗುತ್ತವೆ.

ಹಚ್ಚುವ ಮೊದಲು ಹಲಗೆ ಪೂರ್ತಿ ಒಣಗಿರಬೇಕು ಮತ್ತು ಅದರ ಮೇಲೆ ಜಿಡ್ಡಿನ ಲೇಶವೂ ಇರಬಾರದು. ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆದು, ನೆರಳಿನಲ್ಲಿ ಒಣಗಿಸಿ, ಬೆಳಿಗ್ಗೆ ಬಿಸಿಲೇರುವ ಮುನ್ನ ಕೂರುತ್ತೇನೆ. ತಳಪದರದ ಗಟ್ಟಿಯ ಅಂಚನ್ನು ಊರಿ ಹಿಡಿದು ಮೊದಲು ಉದ್ದುದ್ದಕ್ಕೆ, ಆಮೇಲೆ ಅಡ್ಡಡ್ಡಕ್ಕೆ ಗೆರೆ ಎಳೆಯುತ್ತೇನೆ. ಆಗ ಹಲಗೆಯ ಮೇಲೆ ಕಾಣುವುದು ತೆಳುವಾದ ಚೌಕಳಿ ಮಾತ್ರ. ಬಳಿಕ ಸಣ್ಣ ಸಣ್ಣ ಸುತ್ತುಗಳಲ್ಲಿ, ಹಗುರವಾಗಿ ಉಜ್ಜುತ್ತ ಹೋದರೆ ಗೆರೆಗಳು ಸಂಧಿಸಿದ ಜಾಗಗಳಲ್ಲಿ ಮೇಣ ಮೊದಲು ನಿಲ್ಲುತ್ತದೆ. ನಿಂತ ಮೇಣವೇ ಗಟ್ಟಿಯಿಂದ ಮತ್ತಷ್ಟನ್ನು ಕೆರೆದುಕೊಳ್ಳುತ್ತದೆ. ಹೀಗೆ ಉಬ್ಬುಗಳು ತಾವಾಗಿಯೇ ಬೆಳೆಯುತ್ತವೆ. ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಓರೆಯಾಗಿ ಹಿಡಿದರೆ ಉಬ್ಬು ಎದ್ದ ಕಡೆ ಚಿಕ್ಕ ನೆರಳುಗಳು ಬೀಳುತ್ತವೆ, ಏಳದ ಕಡೆ ಬರೀ ಹೊಳಪು ಇರುತ್ತದೆ. ಹೊಳಪು ಕಂಡಲ್ಲಿಗೆ ಮತ್ತೆ ಹೋಗುತ್ತೇನೆ. ಒತ್ತಿ ಉಜ್ಜಿದರೆ ಕೆಲಸ ಬೇಗ ಆಗುತ್ತದೆಂದು ತೋರುತ್ತದೆ, ಆದರೆ ಒತ್ತಡ ಹೆಚ್ಚಿದಂತೆ ಎದ್ದ ಉಬ್ಬು ಚಪ್ಪಟೆಯಾಗುತ್ತದೆ. ನನ್ನ ಮಟ್ಟಿಗೆ ಹಿಡಿತದ ಮುಕ್ಕಾಲು ಪಾಲು ಈ ತಳಪದರದಲ್ಲೇ ಇದೆ. ಮೇಲ್ಪದರವನ್ನು ಎಷ್ಟು ಸಲ ಹಚ್ಚಿದರೂ ತಳ ಕಚ್ಚಿಕೊಂಡಿರದಿದ್ದರೆ ಎರಡನೆಯ ಅಲೆಗೇ ಮೇಣ ಸಿಪ್ಪೆಯಂತೆ ಎದ್ದುಹೋಗುತ್ತದೆ.

ಎಲ್ಲಿ ಹಚ್ಚಬೇಕು ಎಂಬುದಕ್ಕಿಂತ ಎಲ್ಲಿ ಹಚ್ಚಬಾರದು ಎಂಬುದು ಮುಖ್ಯ. ಅಂಗೈ ಕೂರುವ ಭಾಗ, ಬೆರಳ ತುದಿಗಳು ಬಾಗಿ ಹಿಡಿಯುವ ಮುಂಭಾಗ, ಹೆಬ್ಬೆರಳು ಒತ್ತುವ ಪಕ್ಕದ ಅಂಚು, ಇಷ್ಟಕ್ಕೆ ಮೇಣ ಸಾಕು. ಹಲಗೆಯ ಅಡಿಭಾಗಕ್ಕೂ ನೀರು ಬಿಟ್ಟುಹೋಗುವ ಹಿಂದಿನ ಅಂಚಿಗೂ ತಾಗಿಸಬಾರದು, ಅಲ್ಲಿ ನೀರು ಅಡೆತಡೆಯಿಲ್ಲದೆ ಹರಿಯಬೇಕು. ರಬ್ಬರಿನ ಫಿನ್ಸ್‌ಗೆ ಮೇಣವನ್ನಾಗಲಿ ಎಣ್ಣೆಯನ್ನಾಗಲಿ ಹಚ್ಚುವುದು ಬೇಡ. ಎಣ್ಣೆ ತಗುಲಿದ ನೈಸರ್ಗಿಕ ರಬ್ಬರು ಉಬ್ಬಿ ಸಡಿಲವಾಗುತ್ತದೆ. ಎದೆಯಡಿ ಇಟ್ಟುಕೊಳ್ಳುವ ಫೋಮಿನ ಬಾಡಿಬೋರ್ಡ್ ಇರುವವರು ಮುಂದಿನ ಎರಡು ಮೂಲೆಗಳಿಗೆ, ಕೈ ಹಿಡಿಯುವ ಪಕ್ಕದ ಅಂಚಿಗೆ, ಮೊಣಕೈ ಊರುವ ಜಾಗಕ್ಕೆ ಹಚ್ಚಿದರೆ ಸಾಕು. ಬರಿಮೈಗೆ ಮೇಣ ತಿಕ್ಕಿ ಎದೆ ಉರಿಯದಂತೆ ರ‍್ಯಾಶ್‌ಗಾರ್ಡ್ ಅಂಗಿ ತೊಡುವುದು ಒಳ್ಳೆಯದು.

ಮೇಲ್ಪದರವನ್ನು ನಾನು ದಾವಣಗೆರೆಯಲ್ಲಿ ಹಚ್ಚುವುದೇ ಇಲ್ಲ. ಎಣ್ಣೆ ಸೇರಿದ ಮೇಣ ನಮ್ಮ ಬೇಸಿಗೆಯ ಸೆಕೆಯಲ್ಲಿ, ಅದಕ್ಕಿಂತಲೂ ಹೆಚ್ಚಾಗಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ, ಆಕಾರ ಕಳೆದುಕೊಂಡು ಬಿಡುತ್ತದೆ. ಹಲಗೆಯನ್ನು ಬಟರ್ ಪೇಪರಿನಲ್ಲಿ ಸುತ್ತಿ ಸೀಟಿನ ಕೆಳಗೆ ನೆರಳಿನಲ್ಲಿ ಇಡುತ್ತೇನೆ. ಹತ್ತಿ ಬಟ್ಟೆಯಲ್ಲಿ ಸುತ್ತಿದರೆ ನೂಲಿನ ಜುಂಗು ಮೇಣಕ್ಕೆ ಹತ್ತುತ್ತದೆ. ಮೇಲ್ಪದರದ ಗಟ್ಟಿ ಸ್ಟೀಲ್ ಡಬ್ಬಿಯಲ್ಲಿ, ತಣ್ಣೀರಿನ ಬಾಟಲಿಯ ಪಕ್ಕದಲ್ಲಿ ಬರುತ್ತದೆ. ದಂಡೆ ಮುಟ್ಟಿದ ಮೇಲೆ ಹಲಗೆಯನ್ನು ಸಮುದ್ರದ ನೀರಿನಲ್ಲೊಮ್ಮೆ ಅದ್ದಿ ತಂಪಾಗಿಸಿ, ಒರೆಸಿ, ನೆರಳಿನಲ್ಲಿ ಕೂತು, ಉಬ್ಬುಗಳ ಮೇಲಷ್ಟೇ ತಾಗುವಂತೆ ತೆಳ್ಳಗೆ ಸವರುತ್ತೇನೆ. ಕೊನೆಯ ಕೆಲವು ಎಳೆತಗಳನ್ನು ಬೆರಳುಗಳ ದಿಕ್ಕಿಗೆ ಅಡ್ಡವಾಗಿ ಎಳೆಯುವುದು ನನ್ನ ರೂಢಿ, ಏಕೆಂದರೆ ನೀರಿನ ಬಲ ಬರುವುದು ಬೆರಳಿನಿಂದ ಮಣಿಕಟ್ಟಿನ ಕಡೆಗೆ. ಆಮೇಲೆ ಮತ್ತೊಮ್ಮೆ ನೀರು ಹೊಯ್ದರೆ ಮೇಲ್ಪದರ ಬಿಗಿಯುತ್ತದೆ.

ಇಷ್ಟೆಲ್ಲ ಶ್ರಮವನ್ನು ಕ್ಷಣದಲ್ಲಿ ವ್ಯರ್ಥಮಾಡುವ ವಸ್ತುವೆಂದರೆ ಅಂಗೈಯ ಎಣ್ಣೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಅದೇ ಕೈಯಲ್ಲಿ ಸನ್‌ಸ್ಕ್ರೀನ್ ಬಳಿದುಕೊಂಡು ಹಲಗೆ ಹಿಡಿದರೆ ಮೇಣ ಮೆತ್ತಗಾಗಿ ಕರಗತೊಡಗುತ್ತದೆ. ನೀರಿಗಿಳಿಯುವ ಮುನ್ನ ಹಸಿ ಮರಳಿನಿಂದ ಅಂಗೈಯನ್ನು ಚೆನ್ನಾಗಿ ತಿಕ್ಕಿ ತೊಳೆಯಬೇಕು; ತೊಳೆದ ಮೇಲೆ ಮರಳಿನ ಕಣ ಉಳಿಯದಂತೆಯೂ ನೋಡಿಕೊಳ್ಳಬೇಕು. ಅದೇ ಕಾರಣಕ್ಕೆ ಹಲಗೆಯನ್ನು ಎಂದಿಗೂ ಮೇಣದ ಮುಖ ಕೆಳಗಾಗಿ ದಂಡೆಯ ಮೇಲೆ ಇಡಬಾರದು. ಮೇಣದಲ್ಲಿ ಹುದುಗಿದ ಮರಳು ಅಂಗೈಯ ಚರ್ಮವನ್ನು ಕೆರೆಯುತ್ತದೆ.

ಉಬ್ಬುಗಳು ಸವೆದು ನುಣುಪಾದಾಗ ಹೊಸ ಮೇಣ ಬೇಕಾಗಿಲ್ಲ. ಹಳೆಯ ಬಾಚಣಿಗೆಯ ಹಲ್ಲಿನಿಂದ ಅಡ್ಡದಿಡ್ಡವಾಗಿ ಗೀರಿದರೆ ಹಿಡಿತ ಮರಳುತ್ತದೆ. ಮೇಣ ಬೂದುಬಣ್ಣಕ್ಕೆ ತಿರುಗಿ, ಮರಳಿನಿಂದ ಒರಟಾದಾಗ ಮಾತ್ರ ಪೂರ್ತಿ ತೆಗೆಯಬೇಕು. ಹಲಗೆಯನ್ನು ಎಳೆ ಬಿಸಿಲಿಗೆ ಕೆಲವೇ ನಿಮಿಷ ಇಟ್ಟು, ಮೆತ್ತಗಾದ ಮೇಣವನ್ನು ಪ್ಲಾಸ್ಟಿಕ್ ಸ್ಕೇಲಿನ ಅಂಚಿನಿಂದ ಕೆರೆದು ತೆಗೆಯುತ್ತೇನೆ. ಲೋಹದ ಅಲಗು ವಾರ್ನಿಷನ್ನು ಗೀರುತ್ತದೆ, ದಾವಣಗೆರೆಯ ನಡುಹಗಲ ಬಿಸಿಲು ಮರವನ್ನು ಸೀಳಿಸಬಹುದು, ಆದ್ದರಿಂದ ಎರಡೂ ಬೇಡ. ಉಳಿದ ಕಲೆಯನ್ನು ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಒರೆಸಿ, ಆ ಎಣ್ಣೆಯನ್ನು ಸಾಬೂನಿನಿಂದ ತಪ್ಪದೆ ತೊಳೆಯಬೇಕು. ಕೆರೆದ ಮೇಣ ದಂಡೆಯಲ್ಲಿ ಬೀಳದಂತೆ ಕಾಗದದಲ್ಲಿ ಕಟ್ಟಿ ಮನೆಗೆ ತರುತ್ತೇನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಉಗ್ರವಾಗಿರುತ್ತದೆ, ಆಗ ನೀರಿಗಿಳಿಯುವ ಮಾತೇ ಇಲ್ಲ. ಉಳಿದ ಕಾಲದಲ್ಲೂ ಶಾಂಭವಿ, ನಂದಿನಿ ನದಿಗಳು ಸೇರುವ ಸಸಿಹಿತ್ಲಿನಂಥ ಅಳಿವೆಯ ಬಳಿ ಸೆಳೆತ ಬಲವಾಗಿರುವುದರಿಂದ ಸ್ಥಳೀಯ ಮೀನುಗಾರರನ್ನು ಕೇಳದೆ ನಾನು ಇಳಿಯುವುದಿಲ್ಲ. ಮಳೆಗಾಲ ಹಿಡಿಯುತ್ತಿದ್ದಂತೆ ಹಲಗೆಯ ಮೇಣವನ್ನೆಲ್ಲ ತೆಗೆದು, ವಾರ್ನಿಷ್ ಎದ್ದ ಕಡೆಗಳಲ್ಲಿ ಆಚಾರ್ರಿಂದ ಮತ್ತೊಂದು ಕೈ ಬಳಿಸಿ, ಅದು ಪೂರ್ತಿ ಗಟ್ಟಿಯಾಗಲು ಆ ತಿಂಗಳುಗಳನ್ನು ಬಿಟ್ಟುಕೊಡುತ್ತೇನೆ. ಹಸಿ ವಾರ್ನಿಷಿನ ಮೇಲೆ ಮೇಣ ಕಚ್ಚುವುದಿಲ್ಲ. ಹೊಸ ತಳಪದರ ಹಚ್ಚುವುದು ಅಕ್ಟೋಬರಿನಲ್ಲಿ.