ಬಂಗುಡೆ ಕೋಣೆಯಲ್ಲಿ 6535 ಡಿಗ್ರಿ

ಮಲ್ಪೆಯಲ್ಲಿ ನಮ್ಮ ಭಾವನದ್ದು ಮೀನು ಇಡುವ ಒಂದು ಸಣ್ಣ ಕೋಲ್ಡ್ ಸ್ಟೋರೇಜ್ ಇದೆ. ಒಳಗಿನ ಟೆಂಪರೇಚರ್ ಎಷ್ಟಿದೆ ಅಂತ ರಾತ್ರಿ ಮನೆಯಿಂದಲೇ ನೋಡಬೇಕು ಎಂಬುದು ಅವರ ಆಸೆ. ನಾನು ಉಡುಪಿಯಲ್ಲಿ ಕೂತು ಸಿ ಪ್ರೋಗ್ರಾಂ ಬರೆಯುವವನು. ಮಾಡಿಕೊಡ್ತೇನೆ ಅಂದೆ.

ಸೆನ್ಸರ್ ಮಾಡ್‌ಬಸ್‌ನದ್ದು (ಯಂತ್ರಗಳು ಪ್ರಶ್ನೆ-ಉತ್ತರದಲ್ಲಿ ಮಾತಾಡುವ ಒಂದು ಪದ್ಧತಿ), ಆರ್‌ಎಸ್-485 ಎಂಬ ಬಗೆಯ ವೈರು, ವೇಗ 9600 ಬಾಡ್, ಅಂದರೆ ಸೆಕೆಂಡಿಗೆ 9600 ಬಿಟ್. ಎಂಟು ಬೈಟ್ ಕಳಿಸಿ ಕೇಳಿದರೆ ಏಳು ಬೈಟ್ ಉತ್ತರ ಬರುತ್ತದೆ. ಅದರಲ್ಲಿ ನಾಲ್ಕನೆಯದು ಮತ್ತು ಐದನೆಯದು ಸೇರಿದರೆ ಟೆಂಪರೇಚರ್, ಹತ್ತರಿಂದ ಗುಣಿಸಿದ್ದು. 30.2 ಡಿಗ್ರಿ ಇದ್ದರೆ 302 ಅಂತ ಬರುತ್ತದೆ. ಮೈನಸ್ ಆದರೆ 16 ಬಿಟ್‌ನ ಟೂಸ್ ಕಾಂಪ್ಲಿಮೆಂಟ್, ಅಂದರೆ 65536ರಲ್ಲಿ ಅಷ್ಟನ್ನು ಕಳೆದು ಉಳಿದದ್ದು ಬರುತ್ತದೆ, ಮೈನಸ್ 1ಕ್ಕೆ 65535.

ಲ್ಯಾಪ್‌ಟಾಪಿನಲ್ಲಿ ಬರೆದೆ. ಮನೆಯಲ್ಲಿ ಟೆಸ್ಟ್ ಮಾಡಿದರೆ 30.2. ಗೆಳೆಯನೊಬ್ಬನ ಫ್ರೀಜರಿನಲ್ಲಿ ಮೈನಸ್ 18.0. ಎರಡೂ ಸರಿ. ಜುಲೈ ಕೊನೆಯಲ್ಲಿ ಅದೇ ಕೋಡನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಹಾಕಿ ಮಲ್ಪೆಯಲ್ಲಿ ಕೂರಿಸಿ ಬಂದೆ. ಆಗ ಟ್ರಾಲಿಂಗ್ ರಜೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೊಡ್ಡ ಬೋಟು ಕಡಲಿಗೆ ಇಳಿಯುವುದಿಲ್ಲ, ಹಾಗಾಗಿ ಕೋಣೆ ಖಾಲಿ, ಕಂಪ್ರೆಸರ್ ಬಂದ್. ಪರದೆಯಲ್ಲಿ 28.9 ಅಂತ ಬಂತು. ನಾನು ಖುಷಿಯಲ್ಲಿ ಮನೆಗೆ ಹೋದೆ.

ಆಗಸ್ಟ್ ಮೊದಲ ವಾರ ಭಾವನ ಫೋನು. "ಎಂತ ಮಾರಾಯ, ನಿನ್ನ ಮಿಶನ್ನಿನಲ್ಲಿ 6535 ಡಿಗ್ರಿ ತೋರಿಸ್ತಾ ಉಂಟು. ಬಂಗುಡೆ ಐಸಿನ ಹಾಗೆ ಗಟ್ಟಿ ಉಂಟು."

ಸೂರ್ಯನ ಮೇಲ್ಮೈಯೇ ಸುಮಾರು 5500 ಡಿಗ್ರಿ. ಭಾವನ ಬಂಗುಡೆ ಅದನ್ನೂ ಮೀರಿತ್ತು.

ಲಾಗ್ ನೋಡಿದೆ. 5.3, 2.0, 0.1 ಅಂತ ಚಂದ ಮಾಡಿ ಇಳಿದಿದೆ. ಸೊನ್ನೆಯ ಕೆಳಗೆ ಹೋದ ಕೂಡಲೇ 6553.5. ಲ್ಯಾಪ್‌ಟಾಪ್ ತಗೊಂಡು ಹೋಗಿ ಅದೇ ವೈರಿಗೆ ಸಿಕ್ಕಿಸಿದರೆ ಮೈನಸ್ 18.0. ಅದೇ ಕೋಡು, ಅದೇ ಸೆನ್ಸರ್! ನಾನು ಅಡಾಪ್ಟರನ್ನು ಬೈದೆ, ಕಡಲಿನ ಉಪ್ಪು ಗಾಳಿಯನ್ನು ಬೈದೆ, ವೈರಿನ ತುದಿಯ 120 ಓಮ್‌ನ ರೆಸಿಸ್ಟರನ್ನೂ ಬದಲಿಸಿದೆ. ಒಂದಿಡೀ ಮಧ್ಯಾಹ್ನ ಸುಮ್ನೆ ಹೋಯಿತು.

ವಿಷಯ ಇಷ್ಟೇ. ಬಂದ ಬೈಟುಗಳನ್ನು ನಾನು ಚಾರ್ ಅರೇಯಲ್ಲಿ, ಅಂದರೆ ಒಂದೊಂದು ಬೈಟ್ ಹಿಡಿಯುವ ಡಬ್ಬಿಗಳ ಸಾಲಿನಲ್ಲಿ, ಇಟ್ಟಿದ್ದೆ. ಬರೀ ಚಾರ್ ಎಂದರೆ ಸೈನ್ಡಾ (ಮೈನಸ್ ಸಂಖ್ಯೆಯನ್ನೂ ಹಿಡಿಯುವುದು, ಮೈನಸ್ 128ರಿಂದ 127) ಅನ್‌ಸೈನ್ಡಾ (ಮೈನಸ್ ಇಲ್ಲದ್ದು, 0ಯಿಂದ 255) ಅಂತ ಸಿ ಭಾಷೆ ಹೇಳುವುದಿಲ್ಲ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿಗೆ ಬಿಟ್ಟಿದೆ. ಇಂಟೆಲ್ ಲ್ಯಾಪ್‌ಟಾಪಿನ ಜಿಸಿಸಿ ಕಂಪೈಲರಿನಲ್ಲಿ ಅದು ಸೈನ್ಡ್. ಪೈಯಲ್ಲಿರುವ ಆರ್ಮ್ ಚಿಪ್ಪಿಗೆ ಲಿನಕ್ಸ್‌ನಲ್ಲಿ ಅನ್‌ಸೈನ್ಡ್. ಮೈನಸ್ 180 ಎಂದರೆ ಎರಡು ಬೈಟ್, 255 ಮತ್ತು 76. ಮೊದಲನೆಯದನ್ನು ಎಂಟು ಬಿಟ್ ಎಡಕ್ಕೆ ಸರಿಸಿ ಎರಡನೆಯದನ್ನು ಸೇರಿಸುವುದು ನನ್ನ ಲೆಕ್ಕ. ಲ್ಯಾಪ್‌ಟಾಪಿಗೆ ಆ 255 ಎಂದರೆ ಮೈನಸ್ 1, ಹಾಗಾಗಿ ಉತ್ತರ ಮೈನಸ್ 180. ಅಂದರೆ ತಪ್ಪು ದಾರಿಯಲ್ಲಿ ಸರಿ ಉತ್ತರ. ಪೈಗೆ ಅದು 255ಏ, ಉತ್ತರ 65356.

ಎರಡನ್ನು ಸೇರಿಸಿದ ಮೇಲೆ ಇಂಟ್16 ಅಂತ ಕಾಸ್ಟ್ ಹಾಕಿದೆ, ಅಂದರೆ ಇದನ್ನು 16 ಬಿಟ್‌ನ ಸೈನ್ಡ್ ಸಂಖ್ಯೆ ಅಂತ ಓದು ಎಂದೆ. ಪೈಯಲ್ಲಿ ಮೈನಸ್ 18.0 ಬಂತು. ಭಾವ ಎರಡು ಕಿಲೋ ಬಂಗುಡೆ ಕಟ್ಟಿ ಕೊಟ್ಟರು. ಅಲ್ಲಿಗೆ ಬಿಡಬಹುದಿತ್ತು. ಆದರೆ ಲ್ಯಾಪ್‌ಟಾಪಿನ ಆ ಸರಿ ಉತ್ತರ ನನ್ನನ್ನು ಕೊರೆಯುತ್ತಿತ್ತು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಚೊಂಬಿಗೆ ಐಸು, ನೀರು ಹಾಕಿ ಸೆನ್ಸರ್ ಮುಳುಗಿಸಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಐಸು ಕರಗಿ ನೀರು ನಿಧಾನಕ್ಕೆ ಏರತೊಡಗಿತು. 12.5, 12.6, 12.7. ಆಮೇಲೆ ಮೈನಸ್ 12.8!

ನಾನು ಕಾಫಿ ಲೋಟ ಕೆಳಗಿಟ್ಟೆ.

ಅಲ್ಲಿಂದ ಮೈನಸ್ 12.7, ಮೈನಸ್ 12.6 ಅಂತ ಏರುತ್ತಾ ಹೋಗಿ ಮೈನಸ್ 0.1 ಆದ ಮೇಲೆ ಒಂದೇ ಸಲ 25.6ಕ್ಕೆ ಹಾರಿತು. ಕೆಳಗಿನ ಬೈಟ್ 128 ಮುಟ್ಟಿದರೆ ಸೈನ್ಡ್ ಚಾರ್ ಅದನ್ನು ಮೈನಸ್ ಮಾಡುತ್ತದೆ. ಅದು ಇಂಟ್, ಅಂದರೆ ಹೆಚ್ಚು ಬಿಟ್‌ನ ಪೂರ್ಣಾಂಕ, ಆಗುವಾಗ ಮೇಲಿನ ಬಿಟ್ಟುಗಳೆಲ್ಲ 1 ಆಗಿ ಮೇಲಿನ ಬೈಟನ್ನು ನುಂಗಿಬಿಡುತ್ತವೆ. ಹಾಗಾಗಿ 12.8ರಿಂದ 25.5ರವರೆಗೆ ಎಲ್ಲಾ ಸುಳ್ಳು. ನಮ್ಮ ಕರಾವಳಿಯ ಮನೆಯೊಳಗೆ 26ಕ್ಕಿಂತ ಕೆಳಗೆ ಇಳಿಯುವುದು ಅಪರೂಪ, ನಮ್ಮ ಮನೆಯಲ್ಲಿ ಎಸಿಯೂ ಇಲ್ಲ. 24ಕ್ಕೆ ಎಸಿ ಇಟ್ಟುಕೊಂಡವನಿಗೆ ಮೊದಲ ದಿನವೇ ಮೈನಸ್ 1.6 ಅಂತ ಕಂಡು ತಪ್ಪು ಸಿಕ್ಕಿಬಿಡುತ್ತಿತ್ತು.

ಆಗ ನೆನಪಾಯಿತು. ಕಂಪೈಲರ್ ನನಗೆ ಮೊದಲೇ ಹೇಳಿತ್ತು. ಬೈಟುಗಳು ದಾರಿಯಲ್ಲಿ ಕೆಟ್ಟಿವೆಯಾ ಅಂತ ನೋಡುವ ಸಿಆರ್‌ಸಿ ಲೆಕ್ಕ ಹಾಕುವ ಫಂಕ್ಷನ್ನಿಗೆ ಯುಇಂಟ್8ರ (ಅನ್‌ಸೈನ್ಡ್ ಬೈಟಿನ) ಪಾಯಿಂಟರ್, ಅಂದರೆ ವಿಳಾಸ, ಬೇಕು, ನಾನು ಕೊಟ್ಟದ್ದು ಚಾರ್ ಪಾಯಿಂಟರ್. ಎರಡರ ಸೈನ್ ಬೇರೆ ಬೇರೆ ಅಂತ ವಾರ್ನಿಂಗ್ ಬಂದಿತ್ತು. ನಾನು ಕಾಸ್ಟ್ ಒಂದು ಹಾಕಿ ಅದರ ಬಾಯಿ ಮುಚ್ಚಿಸಿದ್ದೆ. ಏಳೂ ಬೈಟುಗಳ ಮೇಲೆ ಸಿಆರ್‌ಸಿ ಹಾಕಿದರೆ ಸೊನ್ನೆ ಬರಬೇಕು, ಬರುತ್ತಿತ್ತು. ಡೇಟಾ ಸರಿ ಇದೆ ಅಂತ ನಂಬಿದ್ದೆ. ಡೇಟಾ ಸರಿಯೇ ಇತ್ತು, ಓದುವವನೇ ಸರಿ ಇರಲಿಲ್ಲ. ಎರಡು ಬೈಟ್ ಸೇರಿಸುವ ಆ ಸಾಲಿಗೆ ಮಾತ್ರ ವಾರ್ನಿಂಗೇ ಇಲ್ಲ. ಚಾರ್ ಇಂಟ್ ಆಗುವಾಗ ಬೆಲೆ ಬದಲಾಗುವುದಿಲ್ಲವಲ್ಲ, ಕಂಪೈಲರಿಗೆ ಅದರಲ್ಲಿ ದೂರು ಹೇಳಲಿಕ್ಕೆ ಏನಿಲ್ಲ. ಇದ್ದ ಒಂದೇ ಸುಳಿವನ್ನು ನಾನೇ ಅಳಿಸಿದ್ದೆ.

ಆ ಕಾಸ್ಟ್ ತೆಗೆದು ಅರೇಯನ್ನೇ ಯುಇಂಟ್8 ಮಾಡಿದೆ. ಒಂದು ಸಾಲು. ಚೊಂಬು ಸರಿಯಾಯಿತು.

ಆಮೇಲೆ ಹಟ ಬಂತು. ಜಿಸಿಸಿಯಲ್ಲಿ ವಾರ್ನಿಂಗ್ ತೋರಿಸುವ ಡಬ್ಲ್ಯು-ಆಲ್ ಎಂಬ ಆಪ್ಷನ್ ಹೆಸರಿಗೆ ಮಾತ್ರ 'ಆಲ್'. ಟೈಪ್ ಬದಲಾಗುವಾಗ ಬೆಲೆಯೂ ಬದಲಾಗಬಹುದು ಅಂತ ಎಚ್ಚರಿಸುವ ಡಬ್ಲ್ಯು-ಕನ್ವರ್ಷನ್ ಅದರಲ್ಲಿ ಇಲ್ಲ, ಬೇರೆಯೇ ಹಾಕಬೇಕು. ಹಾಕಿದೆ. 31 ವಾರ್ನಿಂಗ್.

ಜಾಸ್ತಿ ಪಾಲು ಟರ್ಮಿಯೋಸ್, ಅಂದರೆ ಸೀರಿಯಲ್ ಪೋರ್ಟಿನ, ಸೆಟ್ಟಿಂಗಿನವು. ಅಲ್ಲಿನ ಫ್ಲಾಗುಗಳು ಅನ್‌ಸೈನ್ಡ್, ಸಿಸೈಜ್‌ನಂಥ ಹೆಸರುಗಳು ಮಾತ್ರ ಬರೀ ಇಂಟ್. ಅದರ ಬಿಟ್ಟುಗಳನ್ನು ತಿರುಗಿಸಿದರೆ (0 ಇದ್ದದ್ದು 1, 1 ಇದ್ದದ್ದು 0) ಮೈನಸ್ ಸಂಖ್ಯೆ ಬರುತ್ತದೆ, ಕಂಪೈಲರ್ ಕೂಗುತ್ತದೆ. ಇದರಿಂದ ತೊಂದರೆ ಏನಿಲ್ಲ. ತಿರುಗಿಸುವ ಮೊದಲೇ ಆ ಫ್ಲಾಗುಗಳದ್ದೇ ಆದ ಟಿಸಿಫ್ಲಾಗ್ ಟೈಪಿಗೆ ಕಾಸ್ಟ್ ಮಾಡಿದೆ, ಮುಗಿಯಿತು. ಇಂಥ ಕಡೆ ಕಾಸ್ಟ್ ಹಾಕಲು ನನಗೆ ನಾಚಿಕೆ ಇಲ್ಲ.

ಅವುಗಳ ನಡುವೆ ಒಂದು ಮಾತ್ರ ವಿಷದ್ದು. ಏಳು ಬೈಟ್ ಒಂದೇ ಸಲ ಬರುವುದಿಲ್ಲ ಅಲ್ವಾ, ಮೂರು ಬಂದು ಆಮೇಲೆ ನಾಲ್ಕು ಬರಬಹುದು. ಅದಕ್ಕೆ ಲೂಪಿನಲ್ಲಿ ರೀಡ್ ಎಂಬ ಫಂಕ್ಷನ್ ಎಷ್ಟು ಬೈಟ್ ಬಂತು ಅಂತ ಕೊಟ್ಟದ್ದನ್ನು ನೇರವಾಗಿ ಒಂದು ಸೈಜ್-ಟಿ (ಮೈನಸ್ ಇಲ್ಲದ) ವೇರಿಯಬಲ್ಲಿಗೆ ಕೂಡಿಸುತ್ತಾ ಹೋಗಿದ್ದೆ. ರೀಡ್ ಸೋತರೆ ಮೈನಸ್ 1 ಕೊಡುತ್ತದೆ. ಮೂರು ಬೈಟ್ ಬಂದ ಮೇಲೆ ಸೋತರೆ ಲೆಕ್ಕ ಎರಡಕ್ಕೆ ಇಳಿಯುತ್ತದೆ, ಮೂರನೆಯ ಬೈಟಿನ ಮೇಲೆ ಇನ್ನೊಂದು ಬಂದು ಕೂರುತ್ತದೆ. ಮೊದಲನೆಯದೇ ಸೋತರೆ 64 ಬಿಟ್ ಲ್ಯಾಪ್‌ಟಾಪಿನಲ್ಲಿ ಲೆಕ್ಕ 18446744073709551615. ಏಳಕ್ಕಿಂತ ಜಾಸ್ತಿ ಅಂತ ಲೂಪ್ ಆರಾಮಾಗಿ ಹೊರಗೆ ಬರುತ್ತದೆ, ಹಿಂದಿನ ಸಲದ ಉತ್ತರವೇ ಅರೇಯಲ್ಲಿ ಕೂತಿರುತ್ತದೆ. ಅದರ ಸಿಆರ್‌ಸಿಯೂ ಸರಿ! ಭಾವ ಒಮ್ಮೆ "ನಿನ್ನೆ ರಾತ್ರಿ ನಂಬ್ರ ಅಲುಗಾಡಲೇ ಇಲ್ಲ" ಅಂದದ್ದು ಇದಕ್ಕೇ ಇರಬೇಕು. ಈಗ ರೀಡ್ ಕೊಟ್ಟದ್ದು ಮೊದಲು ಮೈನಸ್ ಹಿಡಿಯುವ ಎಸ್‌ಸೈಜ್-ಟಿಗೆ ಹೋಗುತ್ತದೆ. ಸೊನ್ನೆಗಿಂತ ಕಡಿಮೆಯಾ ಅಂತ ನೋಡಿ, ಆಮೇಲಷ್ಟೇ ಕಾಸ್ಟ್ ಮಾಡಿ ಕೂಡಿಸುತ್ತೇನೆ.

ಪೈಗೆ ಹಾಕುವ ಮೊದಲು ಈಗ ಲ್ಯಾಪ್‌ಟಾಪಿನಲ್ಲೇ ಎರಡು ಸಲ ಕಂಪೈಲ್ ಮಾಡುತ್ತೇನೆ, ಒಮ್ಮೆ ಎಫ್‌ಸೈನ್ಡ್-ಚಾರ್ ಹಾಕಿ, ಒಮ್ಮೆ ಎಫ್‌ಅನ್‌ಸೈನ್ಡ್-ಚಾರ್ ಹಾಕಿ. ಎರಡಕ್ಕೂ ಚೊಂಬಿನ ಪರೀಕ್ಷೆ. ಮನೆಯಲ್ಲಿ ಆ ಚೊಂಬು ಈಗ ನನ್ನದೇ.

ನವೆಂಬರಿನಲ್ಲಿ ಮಂಗಳೂರಿನ ಒಂದು ಐಸ್‌ಕ್ರೀಮ್ ಅಂಗಡಿಗೆ ಇದನ್ನೇ ಹಾಕಿಕೊಟ್ಟೆ. ಅಲ್ಲಿ ಪೈ ಅಲ್ಲ, ಹಳೆಯ ಇಂಟೆಲ್ ಪಿಸಿ. ಮೈನಸ್ 10ಕ್ಕಿಂತ ಮೇಲೆ ಹೋದರೆ ಬೆಲ್ ಹೊಡೆಯಬೇಕು. ಒಂದು ಭಾನುವಾರ ಕಂಪ್ರೆಸರ್ ಕೈಕೊಟ್ಟಿತು. ಹುಡುಗ ಬೆಲ್ ಕೇಳಿ ಬಾಗಿಲು ತೆಗೆಯುವಷ್ಟರಲ್ಲಿ 13.1. ಹಳೆಯ ಕೋಡ್ ಇದ್ದಿದ್ದರೆ 12.8ಕ್ಕೇ ಬೆಲ್ ತಾನಾಗಿ ನಿಂತು ಪರದೆಯಲ್ಲಿ ಮೈನಸ್ 12.5 ಇರುತ್ತಿತ್ತು. ಅವನಿಗೆ ಅದನ್ನು ಹೇಳಲಿಲ್ಲ. ಕರಗಿದ ಐಸ್‌ಕ್ರೀಮಿನ ನಡುವೆ ಅವನಿಗೆ ಕೇಳುವ ತಾಳ್ಮೆಯೂ ಇರಲಿಲ್ಲ.