ಡಿಸ್‌ಪ್ರಾಕ್ಸಿಯಾ ಇರುವ ಮಗ ಹಾಸ್ಟೆಲ್‌ಗೆ ಹೊರಟರೆ ತಯಾರಿ ಹೇಗೆ?

ಅಕ್ಕನ ಮಗನಿಗೆ 18 ತುಂಬಿದ ವಾರ ಬ್ಯಾಂಕ್ ಖಾತೆ ತೆರೆಯಲು ಹೋದೆವು. ಫಾರ್ಮಿನಲ್ಲಿ ಮೂರು ಕಡೆ ಸಹಿ. ಮೂರೂ ಮೂರು ಥರ ಬಂದವು. ‘ಏನಪ್ಪಾ, ನಿನ್ನ ಸಹಿ ನಿನಗೇ ಗೊತ್ತಿಲ್ವಾ?’ ಅಂದರು ಕೌಂಟರಿನಲ್ಲಿದ್ದವರು. ಹುಡುಗನ ಕಿವಿ ಕೆಂಪಾಯಿತು.

ಅವನು ಓದಿನಲ್ಲಿ ಚುರುಕು. ಆದರೆ ಏನು ಮಾಡಬೇಕೆಂದು ತಲೆಗೆ ಗೊತ್ತಿದ್ದರೂ ಅದು ಕೈಗೆ ಸರಿಯಾಗಿ ಇಳಿಯುವುದಿಲ್ಲ. ಇದೇ ಡಿಸ್‌ಪ್ರಾಕ್ಸಿಯಾ. ಡಾಕ್ಟರುಗಳು ಇದನ್ನು ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್ ಅನ್ನುತ್ತಾರೆ. ಶಾಲೆಗೆ ಹೋಗುವ 100 ಮಕ್ಕಳಲ್ಲಿ ಐದಾರು ಮಕ್ಕಳಿಗೆ ಇದು ಇರುತ್ತದೆ. ‘ದೊಡ್ಡವನಾದರೆ ಸರಿಹೋಗುತ್ತೆ’ ಅಂತ ಕಾಯುತ್ತಾರೆ. ಎಷ್ಟೋ ಜನರಿಗೆ ದೊಡ್ಡವರಾದ ಮೇಲೂ ಉಳಿಯುತ್ತದೆ. ಹಾಗಾಗಿ ಮನೆ ಬಿಡುವ ಎರಡು ವರ್ಷ ಮೊದಲೇ, ಅಂದರೆ ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲೇ, ತಯಾರಿ ಶುರುಮಾಡಿ.

1. ಮೊದಲು ನಿಮ್ಮ ಕೆಲಸ ಎಣಿಸಿ

ಒಂದು ವಾರ ಚೀಟಿ ಇಟ್ಟುಕೊಂಡು, ಅವನಿಗಾಗಿ ನೀವು ಮಾಡುವುದನ್ನೆಲ್ಲ ಬರೆಯಿರಿ. ಅಕ್ಕನ ಚೀಟಿಯಲ್ಲಿ ಹತ್ತೊಂಬತ್ತು ಇದ್ದವು. ಉಗುರು ಕತ್ತರಿಸುವುದು, ಬೆಳಿಗ್ಗೆ ಬ್ಯಾಗಿನ ಜಿಪ್ ಎಳೆಯುವುದು, ಚಪಾತಿ ತುಂಡು ಮಾಡಿ ಡಬ್ಬಿಗೆ ಹಾಕುವುದು... ‘ಕೊಡೋ ಇಲ್ಲಿ, ತಡ ಆಗುತ್ತೆ’ ಅಂತ ಕಿತ್ತುಕೊಂಡ ಕೆಲಸಗಳೇ ಜಾಸ್ತಿ. ಹಾಸ್ಟೆಲಿನಲ್ಲಿ ಕಿತ್ತುಕೊಳ್ಳಲು ಯಾರೂ ಇರುವುದಿಲ್ಲ ಅಲ್ವಾ?

2. ಒಂದು ಸಲಕ್ಕೆ ಒಂದೇ ಕೆಲಸ

ಇದೇ ನಿಜವಾದ ಕೆಲಸ, ಇಲ್ಲಿ ಅವಸರ ಬೇಡ. ‘ನೋಡ್ಕೋ, ಹೀಗೆ’ ಅಂತ ಮಾಡಿ ತೋರಿಸಿದರೆ ಉಪಯೋಗ ಕಡಿಮೆ. ದಿನನಿತ್ಯದ ಕೆಲಸ ಮಾಡಿಕೊಳ್ಳಲು ತರಬೇತಿ ಕೊಡುವ ಆಕ್ಯುಪೇಶನಲ್ ಥೆರಪಿಸ್ಟ್‌ಗಳು ಬಳಸುವ ಒಂದು ಕ್ರಮ ಇದೆ: ಏನು ಮಾಡಬೇಕು, ಹೇಗೆ ಮಾಡುತ್ತೀಯ, ಮಾಡು, ಎಲ್ಲಿ ಸಿಕ್ಕಿಕೊಂಡಿತು ನೋಡು. ಉತ್ತರ ಹುಡುಕಬೇಕಾದವನು ಅವನೇ.

ನಮ್ಮ ಹುಡುಗ ಕುಕ್ಕರ್ ಮುಚ್ಚಳಕ್ಕೆ ಹತ್ತು ದಿನ ಒದ್ದಾಡಿದ. ಒಲೆ ಹಚ್ಚದೆ, ಖಾಲಿ ಕುಕ್ಕರಿನಲ್ಲೇ ಅಭ್ಯಾಸ. ಎಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಕೇಳಿದೆವು. ‘ಮುಚ್ಚಳ ಎಲ್ಲಿಂದ ತಿರುಗಿಸೋಕೆ ಶುರು ಮಾಡಬೇಕು ಅಂತಲೇ ಗೊತ್ತಾಗಲ್ಲ ಚಿಕ್ಕಮ್ಮ’ ಅಂದ. ಆಮೇಲೆ ಅವನೇ ತಂಗಿಯ ನೈಲ್‌ಪಾಲಿಶ್ ತಂದು ಮುಚ್ಚಳದ ಮೇಲೊಂದು, ಕುಕ್ಕರಿನ ಹಿಡಿಯ ಮೇಲೊಂದು ಕೆಂಪು ಚುಕ್ಕೆ ಇಟ್ಟ. ಚುಕ್ಕೆಗೆ ಚುಕ್ಕೆ ಕೂಡಿಸು, ಒತ್ತು, ತಿರುಗಿಸು. ಈಗ ಅನ್ನ ಅವನದೇ.

ಸಹಿಗೂ ಹೀಗೆಯೇ ಮಾಡಿದೆವು. ಉದ್ದನೆಯ ಹೆಸರು ಬಿಟ್ಟು ಎರಡು ಅಕ್ಷರ, ಕೆಳಗೊಂದು ಗೆರೆ. ದಿನಕ್ಕೆ ಹತ್ತು ಸಲ, ಒಂದು ತಿಂಗಳು.

3. ಕೈ ಬಗ್ಗದಿದ್ದರೆ ಸಾಮಾನು ಬದಲಿಸಿ

ಲೇಸ್ ಬದಲು ವೆಲ್ಕ್ರೋ ಶೂ. ರೇಜರ್ ಬದಲು ಟ್ರಿಮ್ಮರ್. ಮದುವೆ ಮನೆಗೆ ವೆಲ್ಕ್ರೋ ಪಂಚೆ. ಚಿಲ್ಲರೆ ಎಣಿಸುವ ಬದಲು ಯುಪಿಐ. ‘ಹೀಗಾದರೆ ಕಲಿಯೋದು ಯಾವಾಗ?’ ಅಂತ ಹಿರಿಯರು ಕೇಳಿಯೇ ಕೇಳುತ್ತಾರೆ. ಮಿಕ್ಸಿ ಬಂದ ಮೇಲೆ ನಾವ್ಯಾರೂ ಒರಳು ತಿರುಗಿಸಿಲ್ಲ.

ಮರೆವು, ಸಮಯದ ಅಂದಾಜು ತಪ್ಪುವುದು ಕೂಡ ಇದರ ಜೊತೆಗೇ ಬರುತ್ತವೆ. ಹೊರಡುವ ಹೊತ್ತಿಗಲ್ಲ, ಹೊರಡುವ ಅರ್ಧ ಗಂಟೆ ಮೊದಲಿಗೆ ಫೋನಿನಲ್ಲಿ ಅಲಾರಂ ಇಡಿಸಿ. ಬ್ಯಾಗ್ ರಾತ್ರಿಯೇ ತುಂಬಿರಲಿ.

4. ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ನಿರ್ದಿಷ್ಟ ಕಲಿಕಾ ನ್ಯೂನತೆಗಳ ಪಟ್ಟಿಯಲ್ಲಿ ಡಿಸ್‌ಪ್ರಾಕ್ಸಿಯಾ ಹೆಸರು ಹೇಳಿಯೇ ಸೇರಿದೆ. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಚಿಕ್ಕಂದಿನ ಹಳೇ ಪತ್ರ ನಂಬಿ ಕೂರಬೇಡಿ, 18 ಆದ ಮೇಲೆ ಮತ್ತೊಮ್ಮೆ ತಪಾಸಣೆ ಮಾಡಿಸಿ. ಮೀಸಲಾತಿಗೆ ಕನಿಷ್ಠ ಶೇ 40 ನ್ಯೂನತೆ ಇರಬೇಕು. ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವು ಮತ್ತು ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯದ ಬಗ್ಗೆ ಕೇಂದ್ರದ ಮಾರ್ಗಸೂಚಿ ಇದೆ. ಶೇ 40 ಇಲ್ಲ ಅನ್ನುವ ಒಂದೇ ಕಾರಣಕ್ಕೆ ಬರೆದುಕೊಡುವವರ ನೆರವು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ, ಕೈಬರಹದ ತೊಂದರೆ ಇದ್ದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಹೇಳಿದೆ. ಕಾಲೇಜು ಸೇರಿದ ತಿಂಗಳೇ ಅರ್ಜಿ ಕೊಡಿ. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿ ಸುಸ್ತಾಗಬೇಡಿ.

5. ಹೇಳಿಕೊಳ್ಳಲು ಒಂದು ಮಾತು

‘ನನ್ನ ಕೈಬರಹ ನಿಧಾನ ಸರ್, ಟೈಪ್ ಮಾಡಿ ಕೊಡ್ತೀನಿ.’ ಇಷ್ಟೇ ಸಾಕು. ತೊಂದರೆಯ ಹೆಸರು ಎಲ್ಲರಿಗೂ ಹೇಳಬೇಕಿಲ್ಲ. ಈ ಮಾತನ್ನು ಅವನ ಬಾಯಿಂದಲೇ ಬರಿಸಿ. ಪ್ರಿನ್ಸಿಪಾಲರ ಕೋಣೆಯಲ್ಲಿ ನೀವು ಸುಮ್ನೆ ಪಕ್ಕದಲ್ಲಿ ಕೂತಿರಿ. ವರ್ಷಗಟ್ಟಲೆ ‘ಎಡವಟ್ಟು’ ಅನ್ನಿಸಿಕೊಂಡ ಮಕ್ಕಳಲ್ಲಿ ಆತಂಕ ಜಾಸ್ತಿ. ಊಟ, ನಿದ್ದೆ ಕೆಟ್ಟರೆ, ಗೆಳೆಯರನ್ನು ಬಿಟ್ಟು ಒಬ್ಬನೇ ಕೂರಲು ಶುರುಮಾಡಿದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.

6. ಗಾಡಿ ಕೊನೆಗಿರಲಿ

18ಕ್ಕೇ ಲೈಸೆನ್ಸ್ ಆಗಬೇಕು ಅಂತ ಎಲ್ಲೂ ಬರೆದಿಲ್ಲ. ಕ್ಲಚ್ಚು, ಗೇರು, ಬ್ರೇಕು, ಹಿಂದಿನ ಹಾರ್ನು ಎಲ್ಲ ಒಟ್ಟಿಗೆ ಸಂಭಾಳಿಸುವುದು ಇವರಿಗೆ ನಿಜಕ್ಕೂ ಕಷ್ಟ. ಗೇರಿಲ್ಲದ ಸ್ಕೂಟರನ್ನು ಖಾಲಿ ಮೈದಾನದಲ್ಲಿ ತಿಂಗಳುಗಟ್ಟಲೆ ಕಲಿಯಲಿ. ಬೇಡ ಅಂದರೆ ಬಿಡಿ. ನಮ್ಮವನು ಈಗಲೂ ಸಿಟಿ ಬಸ್ಸಿನಲ್ಲೇ ಓಡಾಡುತ್ತಾನೆ. ಹತ್ತಿದ ಕೂಡಲೇ ಬಾಗಿಲ ಪಕ್ಕದ ಕಂಬ ಹಿಡಿದು ನಿಂತುಬಿಡುತ್ತಾನೆ. ಕಂಡಕ್ಟರ್ ಟಿಕೆಟ್ ಕೇಳಿದರೆ, ‘ಬಸ್ ನಿಲ್ಲಲಿ ಸರ್, ತಗೋತೀನಿ’ ಅನ್ನುತ್ತಾನೆ.