ಆನೆಗುಂದಿ ಹೊಳೆಯಲ್ಲಿ ನೀರುನಾಯಿ ತೋರಿಸುವ ಹರಗೋಲು: ನಡೆಸುವ ಬಗೆ

ಆನೆಗುಂದಿ, ಸಾಣಾಪುರಕ್ಕೆ ಬರುವ ಪ್ರವಾಸಿಗೆ ಹರಗೋಲು ಎಂದರೆ ಗಿರಗಿರ ತಿರುಗಿಸುವ ಮೋಜು. ನೀರುನಾಯಿ ತೋರಿಸಬೇಕಿದ್ದರೆ ಆ ಮೋಜನ್ನು ದಡದಲ್ಲೇ ಬಿಡಬೇಕು. ಇಲ್ಲಿನ ಹೊಳೆಯಾದ ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹರಿವು 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಹಾಗಾಗಿ ಮೊದಲು ಅರಣ್ಯ ಇಲಾಖೆಗೆ ಅರ್ಜಿ: ಎಲ್ಲಿಂದ ಎಲ್ಲಿಗೆ, ಯಾವ ಹೊತ್ತು, ದಿನಕ್ಕೆ ಎಷ್ಟು ಹರಗೋಲು ಎಂದು ನಕ್ಷೆ ಸಮೇತ ಬರೆದುಕೊಡಿ. ದಡದಲ್ಲಿ ಶೆಡ್ಡು ಹಾಕುವ ಆಲೋಚನೆಯಿದ್ದರೆ ಹಂಪಿ ವಿಶ್ವ ಪರಂಪರೆ ಪ್ರದೇಶವನ್ನು ನೋಡಿಕೊಳ್ಳುವ ಪ್ರಾಧಿಕಾರದ ಒಪ್ಪಿಗೆಯೂ ಬೇಕಾದೀತು. ಕಟ್ಟದಿರುವುದೇ ಲೇಸು.

ಅಂಬಿಗನ ಆಯ್ಕೆಯಲ್ಲಿ ತಪ್ಪಿದರೆ ಉಳಿದದ್ದೆಲ್ಲ ತಪ್ಪಿದಂತೆ. ನೀರುನಾಯಿ ಬಲೆ ಹರಿದು ಮೀನು ಎಳೆದೊಯ್ಯುತ್ತದೆ, ನಷ್ಟ ಮೀನುಗಾರನದು. ದುಡ್ಡು ಹೊರಗಿನವರಿಗೆ, ಹರಿದ ಬಲೆ ಅವನಿಗೆ ಎಂದಾದರೆ ಆ ಪ್ರಾಣಿಯನ್ನು ಅವನೇಕೆ ಸಹಿಸಿಕೊಂಡಾನು? ಹುಟ್ಟು ಹಿಡಿಯುವವನು ಅದೇ ಹರಿವಿನಲ್ಲಿ ಬಲೆ ಹಾಕುವವನೇ ಆಗಿರಲಿ. ತಲೆಗೆ 400 ರೂಪಾಯಿಯಂತೆ ನಾಲ್ವರಿಂದ 1,600 ಬಂತು ಎನ್ನಿ: 1,000 ಅಂಬಿಗನ ಕೈಗೆ ಅಂದೇ, 200 ಬಲೆ ರಿಪೇರಿಯ ನಿಧಿಗೆ, 400 ಜಾಕೆಟ್ಟು, ಹರಗೋಲಿನ ದುರಸ್ತಿಗೆ. ತಿಂಗಳ ಕೊನೆಗೆ ಕೊಡುತ್ತೇವೆಂದರೆ ಆತ ಮತ್ತೆ ತಿರುಗಿಸುವ ಸವಾರಿಗೇ ಹೋಗುತ್ತಾನೆ.

ಒಂದು ಹರಗೋಲಿಗೆ ನಾಲ್ವರು, ಜೊತೆಗೆ ಅಂಬಿಗ. ನೀರಿಗಿಳಿಸುವ ಮೊದಲು ಕವುಚಿ ಹಾಕಿ ತಳದ ಡಾಂಬರು ಬಿರುಕು ಬಿಟ್ಟಿದೆಯೇ, ಹೊದಿಸಿದ ಹಾಳೆಯ ಮಡಿಚಿದ ಅಂಚು ಕಿತ್ತಿದೆಯೇ ನೋಡಿ. ಲೈಫ್ ಜಾಕೆಟ್ ಎಲ್ಲರಿಗೂ. ಮಕ್ಕಳಿಗೆ ಅವರ ಅಳತೆಯದೇ. ಹೊಳೆಯಲ್ಲಿ ಮೊಸಳೆಯೂ ಇದೆ, ಕೈಕಾಲು ಇಳಿಬಿಡುವಂತಿಲ್ಲ. ಮಳೆಗಾಲದಲ್ಲಿ ಬೇಡವೇ ಬೇಡ; ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಆಗಲೂ ಡ್ಯಾಮಿನಿಂದ ಹೊಳೆಗೆ ನೀರು ಬಿಡುವರೇ ಎಂದು ಹಿಂದಿನ ಸಂಜೆಯೇ ಕೇಳಿಕೊಳ್ಳಿ.

ಬೆಳಗಿನ 6.30ರಿಂದ 8.30 ಒಳ್ಳೆಯ ಹೊತ್ತು. ಚಪ್ಪಟೆ ಬಂಡೆಯ ಮೇಲೆ ಮೀನಿನ ಮುಳ್ಳು, ಹುರುಪೆ ತುಂಬಿದ ನಾರುವ ಹಿಕ್ಕೆ ಕಂಡರೆ ಅದು ಅವುಗಳ ತಾಣ. ಅಲ್ಲಿ ಯಾರನ್ನೂ ಇಳಿಸಬೇಡಿ. 50 ಮೀಟರ್ ದೂರವಿರಲಿ, ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8×42 ಬೈನಾಕ್ಯುಲರಿಗೆ ಅಷ್ಟು ಸಾಕು. ಕತ್ತೆತ್ತಿ ನಿಮ್ಮತ್ತಲೇ ದಿಟ್ಟಿಸಿ ಬುಸ್ಸೆಂದರೆ ಹತ್ತಿರವಾದಿರಿ. ಸದ್ದಿಲ್ಲದೆ ಹಿಂದಕ್ಕೆ ಹುಟ್ಟು ಹಾಕಿಸಿ. ಚಳಿಗಾಲದಲ್ಲಿ ಬಂಡೆಯ ಸಂದಿನಲ್ಲಿ ಮರಿಗಳಿರಬಹುದು. ಕಾಡಿದರೆ ಮರಿಗಳ ಸಮೇತ ಜಾಗ ಖಾಲಿ ಮಾಡುತ್ತವೆ, ನಾಳೆ ತೋರಿಸಲು ನಿಮಗೆ ಏನೂ ಉಳಿಯದು. ಮೀನು ಎಸೆದು ಕರೆಯುವ ಆಸೆಯೂ ಬೇಡ.

‘ನೀರುನಾಯಿ ಗ್ಯಾರಂಟಿ’ ಎಂದು ಬೋರ್ಡು ಹಾಕಬೇಡಿ. ಕಾಣದಿದ್ದಾಗ ಅತಿಥಿ ಇನ್ನೂ ಹತ್ತಿರ ನಡಿ ಎಂದು ಅಂಬಿಗನನ್ನು ಒತ್ತಾಯಿಸುತ್ತಾನೆ, ಟಿಪ್ಸಿನ ಆಸೆಗೆ ಅವನೂ ಹೋಗುತ್ತಾನೆ. ಹೊಳೆ, ಬಂಡೆ, ಮಿಂಚುಳ್ಳಿ, ಆಮೇಲೆ ಊರಿನ ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಂದು ಹೇಳಿ ಮಾರಿ. ರೊಟ್ಟಿಯ ದುಡ್ಡು ರೊಟ್ಟಿ ಬಡಿದವರಿಗೇ ನೇರ ಸಲ್ಲಲಿ, ಟಿಕೆಟ್ಟಿನಲ್ಲಿ ಸೇರಿಸಬೇಡಿ.